ನೆಂಟರಿಲ್ಲದ ಬ್ಯಾಂಕು

ನಾದಿನಿಗೆ ಕಾಪುವಿಗೇ ವರ್ಗವಾಯಿತೆಂಬ ಸುದ್ದಿ ಬಂದಾಗ ಅತ್ತೆ ಜಗಲಿಯಲ್ಲಿ ಕುಳಿತು ಮಲ್ಲಿಗೆ ಕಟ್ಟುತ್ತಿದ್ದರು. ಒದ್ದೆ ಬಾಳೆನಾರಿನ ತಟ್ಟೆ ಎಡಕ್ಕೆ, ಮೊಗ್ಗಿನ ಬುಟ್ಟಿ ಬಲಕ್ಕೆ. ಫೋನು ಹಿಡಿದುಕೊಂಡೇ ಒಳಗಿಂದ ಬಂದವರು ನನ್ನ ಗಂಡ.

"ಅಮ್ಮಾ, ಅವಳು ಇಲ್ಲಿಗೇ ಬರ್ತಾಳಂತೆ. ಕಾಪು ಬ್ರಾಂಚಿಗೆ ಮ್ಯಾನೇಜರ್."

ಅತ್ತೆಯ ಕೈ ನಿಂತಿತು. "ಯಾವ ಬ್ರಾಂಚು?"

"ಪೇಟೆಯಲ್ಲಿ ಇರುವುದೇ. ನಮ್ಮ ಅಂಗಡಿಯಿಂದ ನಾಲ್ಕು ಹೆಜ್ಜೆ."

"ಯಾವಾಗ?"

"ಬರುವ ಒಂದನೇ ತಾರೀಕಿಗೆ ಚಾರ್ಜು ತೆಗೆದುಕೊಳ್ಳುವುದಂತೆ. ನಿನಗೆ ಖುಷಿ ಇಲ್ವಾ?"

"ಖುಷಿ ಉಂಟು" ಎಂದರು ಅತ್ತೆ. ಮತ್ತೆ ಹೂ ಕಟ್ಟತೊಡಗಿದರು. ಆದರೆ ಆ ದಿನ ಕಟ್ಟಿದ ಹೂವಿನ ಚೆಂಡುಗಳಲ್ಲಿ ಒಂದು ಸಡಿಲವಾಗಿ, ಹೂ ಒಯ್ಯಲು ಬಂದವನು ಅದನ್ನು ಹಿಂದೆ ಕೊಟ್ಟ. ನಾನು ಈ ಮನೆಗೆ ಬಂದ ಮೇಲೆ ಹಾಗಾದದ್ದನ್ನು ನೋಡಿದ್ದು ಅದೇ ಮೊದಲು.

ನಾದಿನಿ ನನ್ನ ಗಂಡನ ತಂಗಿ. ಒಂದು ಸರಕಾರಿ ಬ್ಯಾಂಕಿನ ಕೆಲಸದಲ್ಲಿ ಕೆಲವು ವರ್ಷ ಉತ್ತರದ ರಾಜ್ಯಗಳಲ್ಲೆಲ್ಲ ತಿರುಗಿ ಈಗ ಕಾರ್ಕಳದ ಗಂಡನ ಮನೆಗೆ ಬಂದು ನಿಂತಿದ್ದಳು. ತವರಿನ ಊರಿಗೇ ಮ್ಯಾನೇಜರಾಗಿ ಬರುವುದೆಂದರೆ ಯಾವ ತಾಯಿಗಾದರೂ ಸಂತೋಷವೇ. ಅತ್ತೆಗೂ ಸಂತೋಷವೇ. ತೊಂದರೆ ಏನೆಂದರೆ, ಅತ್ತೆಯ ದುಡ್ಡು ಅದೇ ಶಾಖೆಯಲ್ಲಿತ್ತು.

ಅತ್ತೆಗೆ ದುಡ್ಡಿನ ವಿಷಯದಲ್ಲಿ ಒಂದು ನಿಯಮ ಉಂಟು. ನೆಂಟರು ಕೆಲಸ ಮಾಡುವ ಬ್ಯಾಂಕಿನಲ್ಲಿ ದುಡ್ಡು ಇಡಬಾರದು. ಇದು ಅವರು ಅನುಭವದಿಂದ ಕಲಿತದ್ದು. ಹಿಂದೆ ಯಾವುದೋ ಮದುವೆಯ ಊಟದ ಪಂಕ್ತಿಯಲ್ಲಿ, ಬ್ಯಾಂಕಿನಲ್ಲಿ ಕ್ಯಾಶಿಯರ್ ಆಗಿದ್ದ ಸಂಬಂಧಿಕನೊಬ್ಬ ಎದುರಿನ ಎಲೆಯಿಂದ, "ನಿಮಗೆ ಎಂತ ಕಡಿಮೆ ಮಾರಾಯ್ರೆ, ಮಲ್ಲಿಗೆಯವರಲ್ವಾ ನೀವು" ಎಂದು ಹೇಳಿ ಕಣ್ಣು ಹೊಡೆದನಂತೆ. ಸಾರು ಬಡಿಸುವಾಗ ಹೇಳಿದ ಮಾತು. ಪಾಯಸ ಬರುವಷ್ಟರಲ್ಲಿ ಇಬ್ಬರು ಬಂದು ಅತ್ತೆಯ ಪಕ್ಕ ಬಗ್ಗಿ ಕೈಸಾಲ ಕೇಳಿದರು. ಮರುದಿನವೇ ಅತ್ತೆ ಆ ಬ್ಯಾಂಕು ಬಿಟ್ಟರು.

ಈ ನಿಯಮ ಬೇರೆ ಜಿಲ್ಲೆಗಳಲ್ಲಿ ನಡೆಯಬಹುದೇನೋ. ನಮ್ಮಲ್ಲಿ ಕಷ್ಟ. ಈ ಕಡಲ ಬದಿಯಲ್ಲಿ ಬ್ಯಾಂಕುಗಳು ಹುಟ್ಟಿದ ರೀತಿಗೆ ಮನೆಗೊಬ್ಬರಾದರೂ ಬ್ಯಾಂಕಿನವರು. ಭಜನೆಗೆ ತಾಳ ಹಿಡಿದವರು ಬ್ಯಾಂಕಿನವರು, ಯಕ್ಷಗಾನದ ಆಟಕ್ಕೆ ಎದುರಿನ ಸಾಲಿನಲ್ಲಿ ಕುಳಿತು ನಿದ್ದೆ ಹೋದವರು ಬ್ಯಾಂಕಿನವರು. ಕಾಪು ಪೇಟೆಯಲ್ಲಿ ಕೊಡೆ ರಿಪೇರಿ ಮಾಡುವವರು ಈಗ ಸಿಗುವುದಿಲ್ಲ. ಡೆಪಾಸಿಟ್ ಇಡಬೇಕಾದರೆ ಒಂದು ಬ್ಯಾಂಕಿನ ಮೆಟ್ಟಿಲು ಇಳಿದು ಇನ್ನೊಂದರ ಮೆಟ್ಟಿಲು ಹತ್ತಿದರಾಯಿತು. ನನ್ನ ಗಂಡನ ಬಲೆ-ಹಗ್ಗದ ಅಂಗಡಿಯ ಎರಡೂ ಬದಿಗೆ ಬ್ಯಾಂಕುಗಳೇ. ಒಬ್ಬರು ಬಾಗಿಲಿಗೆ ಶಾಮಿಯಾನ ಹಾಕಿ ಚಿನ್ನದ ಸಾಲದ ಬ್ಯಾನರ್ ಕಟ್ಟಿದರೆ ಮರುದಿನ ಇನ್ನೊಬ್ಬರು ಅದಕ್ಕಿಂತ ಒಂದು ಮೊಳ ಉದ್ದದ ಬ್ಯಾನರ್ ಕಟ್ಟುತ್ತಾರೆ. ಎರಡರ ಹಗ್ಗವನ್ನೂ ಮಾರುವುದು ನಮ್ಮ ಅಂಗಡಿ.

ಅತ್ತೆ ಹುಡುಕಿ ಹುಡುಕಿ ದುಡ್ಡು ಇಟ್ಟದ್ದು ಬೇರೆಯೇ ಒಂದು ಬ್ಯಾಂಕಿನಲ್ಲಿ. ಆಮೇಲೆ ಬ್ಯಾಂಕುಗಳನ್ನು ಒಂದರೊಳಗೊಂದು ಸೇರಿಸುವ ಕಾಲ ಬಂತು. ಒಂದು ದಿನ ಹೋಗಿ ನೋಡಿದರೆ ಬೋರ್ಡು ಬದಲಾಗಿತ್ತು; ಮಗಳ ಬ್ಯಾಂಕಿನ ಹೆಸರು ಇತ್ತು. ಆಗ ಮಗಳು ದೂರದಲ್ಲಿದ್ದಳು, ಅತ್ತೆ ಸುಮ್ಮನಾದರು. ಈಗ ಆ ಮಗಳೇ ಆ ಬೋರ್ಡಿನ ಕೆಳಗೆ ಕುಳಿತುಕೊಳ್ಳಲು ಬರುತ್ತಿದ್ದಳು.

ಆ ರಾತ್ರಿ ನಾನು ಊಟದ ಪಾತ್ರೆ ತೊಳೆಯುವಲ್ಲಿಗೆ ಅತ್ತೆ ಬಂದು ನಿಂತರು. ನಾನು ಅವರನ್ನು ಕರೆಯುವುದು ಮಾಮಿ ಎಂದು. ತುಳುವಿನಲ್ಲಿ ಅತ್ತೆಗೆ ಹಾಗೆಯೇ ಹೇಳುವುದು.

"ಮಗಾ, ನಿನ್ನಲ್ಲಿ ಒಂದು ವಿಷಯ ಹೇಳ್ತೇನೆ. ನಿನ್ನ ಗಂಡನಿಗೆ ಗೊತ್ತಾಗಬಾರದು."

"ಎಂತ ಮಾಮಿ?"

"ಪಕ್ಕದ ಮನೆಯವರು ಹಿಂದಿನ ಜಾಗ ಕೊಡ್ತಾರೆ. ನಾನು ತೆಗೆದುಕೊಳ್ತೇನೆ. ಮಲ್ಲಿಗೆ ಹಾಕ್ಲಿಕ್ಕೆ."

ನಾನು ನಲ್ಲಿ ನಿಲ್ಲಿಸಿದೆ. ಪಕ್ಕದ ಮನೆಯವರು ಮಾಡಿನ ಹಂಚು ತೆಗೆದು ತಾರಸಿ ಹಾಕಿಸುವ ಯೋಚನೆಯಲ್ಲಿದ್ದರು, ಅದಕ್ಕೆ ಗೋಡೆಯ ಆಚೆಗಿನ ಹಿತ್ತಲು ಮಾರುತ್ತಾರೆಂದು ನನಗೂ ಗೊತ್ತಿತ್ತು. ಅತ್ತೆಗೆ ಎಪ್ಪತ್ತು ದಾಟಿತ್ತು. ಹಿಂದಿನ ಮಳೆಗಾಲದಲ್ಲಿ ಗಿಡಗಳ ನಡುವೆ ಜಾರಿ ಬಿದ್ದಿದ್ದರು. ಆಗಿನಿಂದ ಮಗನೂ ಮಗಳೂ ಹೇಳುವುದು ಒಂದೇ: ಇದ್ದ ಮಲ್ಲಿಗೆಯನ್ನೂ ತೆಗೆಸಿ, ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸಿ, ಆರಾಮದಲ್ಲಿ ಕುಳಿತುಕೋ.

"ಅವರಿಗೆ ನನ್ನ ದುಡ್ಡು ಎಷ್ಟು ಉಂಟು ಅಂತ ಗೊತ್ತಾದರೆ ಮುಗೀತು. ಅಮ್ಮನ ಆಸ್ಪತ್ರೆ ಖರ್ಚಿಗೆ ಇರಲಿ ಅಂತ ಇಬ್ಬರೂ ಸೇರಿ ಕಟ್ಟಿ ಇಡ್ತಾರೆ. ಜಾಗ ಬೇರೆಯವರಿಗೆ ಹೋಗ್ತದೆ."

"ಅವಳು ನೋಡ್ತಾಳಾ ಮಾಮಿ? ದೊಡ್ಡ ಬ್ರಾಂಚು, ಎಷ್ಟೋ ಖಾತೆಗಳು..."

"ಚಿಕ್ಕಂದಿನಲ್ಲಿ ನಾನು ಸಕ್ಕರೆ ಡಬ್ಬ ಎಲ್ಲಿ ಅಡಗಿಸಿದ್ರೂ ಸಂಜೆಯೊಳಗೆ ಅವಳಿಗೆ ಗೊತ್ತಿತ್ತು" ಎಂದರು ಅತ್ತೆ.

ಹೀಗೆ ಮಗಳು ಬರುವುದರೊಳಗೆ ನೆಂಟರಿಲ್ಲದ ಒಂದು ಬ್ಯಾಂಕು ಹುಡುಕುವ ಕೆಲಸ ನಮ್ಮಿಬ್ಬರ ಮೇಲೆ ಬಿತ್ತು. ಮನೆಯಲ್ಲಿ ಏನು ಹೇಳಿ ಹೊರಡುವುದು ಎಂದು ನಾನು ಕೇಳಿದೆ. ಅತ್ತೆ ಯೋಚಿಸಿಯೇ ಇಟ್ಟಿದ್ದರು. "ಮೊಣಕಾಲು ತೋರಿಸ್ಲಿಕ್ಕೆ."

ಮೊದಲು ಕಾಪುವಿನಲ್ಲಿಯೇ, ಹೆದ್ದಾರಿ ಬದಿಗೆ ಹೊಸದಾಗಿ ಬಂದ ಖಾಸಗಿ ಬ್ಯಾಂಕಿಗೆ ಹೋದೆವು. ಗಾಜಿನ ಬಾಗಿಲು, ಒಳಗೆ ಸೋಫಾ, ಸೋಫಾದ ಎದುರು ಬಟ್ಟಲಿನಲ್ಲಿ ಚಾಕಲೇಟು. ನಾವು ಕುಳಿತುಕೊಳ್ಳುವ ಮೊದಲೇ ಕೋಟು ಹಾಕಿದ ಹುಡುಗಿಯೊಬ್ಬಳು ನೀರು ತಂದು ಕೊಟ್ಟಳು. ಅತ್ತೆ ನೀರು ಕುಡಿದರು, ಲೋಟ ಕೆಳಗಿಟ್ಟರು, ಆಗ ಆ ಹುಡುಗಿ ನಕ್ಕು ಕೇಳಿದಳು:

"ನೀವು ಮಲ್ಲಿಗೆ ಮಾಮಿ ಅಲ್ವಾ? ನಮ್ಮ ದೊಡ್ಡಮ್ಮ ನಿಮ್ಮ ಗೋಡೆಯ ಹಿಂದೆಯೇ ಇರುವುದು."

"ನೀರು ಒಳ್ಳೆದುಂಟು" ಎಂದು ಹೇಳಿ ಅತ್ತೆ ಎದ್ದರು.

ಮರುದಿನ ಉಡುಪಿಯ ಬಸ್ಸು ಹತ್ತಿದೆವು. ಕಡಿಯಾಳಿಯಲ್ಲಿ ಒಂದು ಬ್ಯಾಂಕಿನ ಮ್ಯಾನೇಜರು ಉತ್ತರ ಭಾರತದವರು, ಕನ್ನಡವೂ ಬರುವುದಿಲ್ಲ, ತುಳುವೂ ಬರುವುದಿಲ್ಲ ಎಂದು ಅತ್ತೆ ಯಾರಿಂದಲೋ ಕೇಳಿ ತಿಳಿದಿದ್ದರು. ಇದಕ್ಕಿಂತ ಒಳ್ಳೆಯ ಬ್ಯಾಂಕು ಬೇಕಾ ಎಂದು ಅವರ ಅಭಿಪ್ರಾಯ. ಮ್ಯಾನೇಜರರು ಎದ್ದು ನಿಂತು ಕೈ ಮುಗಿದರು. ಅತ್ತೆಯೂ ಕೈ ಮುಗಿದರು. ಅವರು ಹಿಂದಿಯಲ್ಲಿ ಏನೋ ಹೇಳಿದರು. ಅತ್ತೆ ತಲೆಯಾಡಿಸಿದರು. ಎರಡೂ ಕಡೆಯವರಿಗೆ ಬಹಳ ತೃಪ್ತಿಯಾದ ಹಾಗೆ ಕಂಡಿತು. ಆದರೆ ಮಾತು ಮುಂದಕ್ಕೆ ಹೋಗದೆ ಇದ್ದುದರಿಂದ ಮ್ಯಾನೇಜರರು ಗಂಟೆ ಒತ್ತಿ ಕ್ಲರ್ಕನ್ನು ಕರೆಸಿದರು.

ಕ್ಲರ್ಕು ಒಳಗೆ ಬಂದವಳೇ, "ಅಯ್ಯೋ, ನೀವು! ಕಾರ್ಕಳದಲ್ಲಿ ನಿಮ್ಮ ಮಗಳ ಹೊಸ ಮನೆಯ ಒಕ್ಕಲಿಗೆ ನಾವು ಒಟ್ಟಿಗೆ ಊಟಕ್ಕೆ ಕುಳಿತದ್ದಲ್ವಾ?" ಎಂದಳು. ಅತ್ತೆಯ ಕೈ ಹಿಡಿದುಕೊಂಡಳು. "ಎಂತ, ಇಷ್ಟು ದೂರ?"

"ದೇವಸ್ಥಾನಕ್ಕೆ ಬಂದದ್ದು" ಎಂದರು ಅತ್ತೆ. "ಬಿಸಿಲು ಅಂತ ಒಳಗೆ ಬಂದೆವು."

ಮ್ಯಾನೇಜರರಿಗೆ ಅದನ್ನು ಹಿಂದಿಯಲ್ಲಿ ತಿಳಿಸಲಾಯಿತು. ಅವರು ಫ್ಯಾನು ಜೋರು ಮಾಡಿದರು. ಹೇಳಿದ್ದು ಸುಳ್ಳಾಗಬಾರದೆಂದು ಅಲ್ಲಿಂದ ನೇರವಾಗಿ ದೇವಸ್ಥಾನಕ್ಕೂ ಹೋಗಿ ಕೈ ಮುಗಿದು ಬಂದೆವು.

ಮನೆಯಲ್ಲಿ ಗಂಡ ಕೇಳಿದರು, "ಎಂತ ಹೇಳಿದ್ರು ಡಾಕ್ಟ್ರು?"

"ಬೇರೆ ಕಡೆ ತೋರಿಸಿ ಅಂತ ಹೇಳಿದ್ರು" ಎಂದೆ. ಅವರು ಗಾಬರಿಯಾದರು. ಸಂಜೆ ಅಂಗಡಿಯಿಂದ ಬರುವಾಗ ಮೊಣಕಾಲಿಗೆ ಹಾಕುವ ಪಟ್ಟಿಯೊಂದನ್ನು ತಂದರು. ತಂಗಿಗೂ ಫೋನು ಮಾಡಿ ಅಮ್ಮನ ಕಾಲು ಸರಿ ಇಲ್ಲ ಎಂದರು. ಅತ್ತೆ ಆ ಪಟ್ಟಿ ಹಾಕಿಕೊಂಡು ಬೆಳಿಗ್ಗೆ ಬೆಳಕು ಹರಿಯುವಾಗ ಮೊಗ್ಗು ಕೊಯ್ದರು, ಗೊಬ್ಬರದ ಹಿಂಡಿ ನೀರು ಹೊತ್ತು ಹಾಕಿದರು.

ಮಣಿಪಾಲದ ಯೋಚನೆ ನನ್ನದು. ಅಲ್ಲಿ ಓದುವ ಮಕ್ಕಳೂ ಹೊರಗಿನವರು, ಆಸ್ಪತ್ರೆಗೆ ಬರುವವರೂ ಹೊರಗಿನವರು, ಹಾಗಿರುವಾಗ ಬ್ಯಾಂಕಿನವರಾದರೂ ಯಾಕೆ ನಮ್ಮವರಾಗಬೇಕು ಎಂದು ನನ್ನ ಲೆಕ್ಕ. ಬಸ್ಸು ಇಳಿದು ಗುಡ್ಡದ ಕಡಿದಾದ ಚಡಾವು ಹತ್ತಿ ಹೋದೆವು. ಅತ್ತೆ ನನಗಿಂತ ಮುಂದೆ. ಮೊದಲ ಮಹಡಿಯಲ್ಲಿ ಒಂದು ಖಾಸಗಿ ಬ್ಯಾಂಕು. ಡೆಪಾಸಿಟ್ ಎಂಬ ಶಬ್ದ ನನ್ನ ಬಾಯಿಂದ ಬಿದ್ದದ್ದೇ ತಡ, ಅಲ್ಲಿನ ಯುವಕನೊಬ್ಬ ಮೇಜಿನ ಆಚೆಯಿಂದ ಈಚೆಗೆ ಬಂದ.

"ಬರ್ರಿ ಅಮ್ಮಾರ, ಕೂಡ್ರಿ. ಚಾ ಕುಡೀತೀರೇನ್ರಿ?"

ಅತ್ತೆ ಕುಳಿತರು. ಮಾತಿನ ಧಾಟಿ ಕೇಳಿಯೇ ಅವರ ಮುಖ ಅರಳಿತು. ಸಾಧಾರಣವಾಗಿ ಬ್ಯಾಂಕಿನವರು ಗ್ರಾಹಕರನ್ನು ಪ್ರಶ್ನೆ ಕೇಳುವುದು. ಇಲ್ಲಿ ಅತ್ತೆ ಶುರು ಮಾಡಿದರು.

"ನಿಮ್ಮ ಊರು ಯಾವುದು?"

"ಧಾರವಾಡ ಕಡೀರಿ."

"ಇಲ್ಲಿ ನೆಂಟರು ಉಂಟಾ?"

"ಯಾರೂ ಇಲ್ರಿ."

"ಮದುವೆ?"

"ಆಗಿಲ್ರಿ ಇನ್ನಾ."

"ಇಲ್ಲಿಯ ಹುಡುಗಿಯನ್ನು ನೋಡಿದ್ದೀರಾ?"

ಯುವಕ ನನ್ನ ಮುಖ ನೋಡಿದ. "ಇಲ್ರಿ. ಊರಾಗ ನೋಡ್ಲಿಕತ್ತಾರ್ರಿ" ಎಂದ.

"ಒಳ್ಳೆದು. ಅಲ್ಲಿಯೇ ನೋಡಲಿ" ಎಂದರು ಅತ್ತೆ. "ಇಲ್ಲಿ ಕೆಲಸ ಮಾಡುವ ಬಾಕಿಯವರು?"

ಅವನು ಒಬ್ಬೊಬ್ಬರನ್ನೇ ತೋರಿಸಿ ಹೇಳಿದ: ಒಬ್ಬರು ಕೇರಳದವರು, ಇನ್ನೊಬ್ಬರು ಬೆಳಗಾವಿಯವರು, ಕ್ಯಾಶಿನಲ್ಲಿರುವವಳು ಶಿರಸಿಯವಳು. ಅತ್ತೆ ಶಿರಸಿಯವಳನ್ನು ಸ್ವಲ್ಪ ಹೊತ್ತು ನೋಡಿ, ಆಗಬಹುದು ಎಂಬಂತೆ ತಲೆಯಾಡಿಸಿದರು.

ಅವನು ಬಡ್ಡಿಯ ದರ ಹೇಳಿದ. ಬೇರೆಯವರಿಗಿಂತ ಕಾಲು ಪರ್ಸೆಂಟು ಹೆಚ್ಚು, ಹಿರಿಯ ನಾಗರಿಕರಿಗೆ ಅದರ ಮೇಲೆ ಇನ್ನೂ ಸ್ವಲ್ಪ. ಅತ್ತೆ ಕೇಳಿದ್ದು ಒಂದೇ: "ಮನೆಗೆ ಫೋನು ಮಾಡ್ತೀರಾ?"

"ಇಲ್ರಿ ಅಮ್ಮಾರ. ಬ್ಯಾಂಕಿನ ವಿಷಯ ಯಾರಿಗೂ ಹೇಳಂಗಿಲ್ರಿ ನಾವು."

ಅವನು ಮಾತಿಗೆ ತಪ್ಪಲಿಲ್ಲ. ಆದರೆ ಖಾತೆಗೆ ಒಂದು ಮೊಬೈಲ್ ನಂಬರು ಬೇಕಿತ್ತು, ಅತ್ತೆಗೆ ಮೊಬೈಲ್ ಇಲ್ಲ, ನನ್ನದು ಕೊಟ್ಟೆವು. ಆ ವಾರದಿಂದ ನನಗೆ ದಿನಕ್ಕೊಂದು ಫೋನು: ಮೇಡಂ, ವಿಮೆ ಬೇಕಾ, ಮೇಡಂ, ಕಾರ್ ಲೋನ್ ಬೇಕಾ. ಒಂದು ಸಲ ನನ್ನ ಗಂಡ ಎತ್ತಿದರು. ಆಚೆಯ ಹುಡುಗಿ, ಹಿರಿಯ ನಾಗರಿಕ ಮೇಡಂ ಇದ್ದಾರಾ ಎಂದು ಕೇಳಿದಳಂತೆ. ಅವರು ಫೋನು ನನ್ನ ಕೈಗೆ ಕೊಟ್ಟು, "ನಿನಗಂತೆ" ಎಂದರು. ನನಗೆ ಐವತ್ತು ತುಂಬಿರಲಿಲ್ಲ.

ಇನ್ನು ಉಳಿದದ್ದು ಕಾಪುವಿನ ಹಳೆಯ ಖಾತೆಯಿಂದ ದುಡ್ಡು ತೆಗೆಯುವುದು. ಅಲ್ಲಿನ ಮ್ಯಾನೇಜರರು ವರ್ಗವಾಗಿ ಹೊರಡುವ ಸಿದ್ಧತೆಯಲ್ಲಿದ್ದರು. ಅವರು ಮೈಸೂರಿನ ಕಡೆಯವರು, ತಮ್ಮ ಜಾಗಕ್ಕೆ ಕಾರ್ಕಳದಿಂದ ಮೇಡಂ ಒಬ್ಬರು ಬರುತ್ತಾರೆ ಎಂದಷ್ಟೇ ಅವರಿಗೆ ಗೊತ್ತಿದ್ದದ್ದು. ಅವಧಿಗೆ ಮೊದಲೇ ಡೆಪಾಸಿಟ್ ಮುರಿಯುತ್ತೇವೆ ಎಂದಾಗ ಅವರು ಪೆನ್ನು ಕೆಳಗಿಟ್ಟರು.

"ಯಾವ ಬ್ಯಾಂಕ್‌ನೋರು ಬಂದಿದ್ರಮ್ಮ ಮನೆಗೆ?"

"ಯಾರೂ ಬರ್ಲಿಲ್ಲ."

"ಎಷ್ಟು ಜಾಸ್ತಿ ಬಡ್ಡಿ ಕೊಡ್ತೀನಿ ಅಂದ್ರು? ನನಗೆ ಹೇಳಿ. ರೀಜನಲ್ ಆಫೀಸಿಗೆ ಬರೆದು ನಾನೂ ಕೊಡಿಸ್ತೀನಿ."

"ಬಡ್ಡಿಗೆ ಅಲ್ಲ."

"ಸಿಬ್ಬಂದಿ ಯಾರಾದ್ರೂ ಜೋರಾಗಿ ಮಾತಾಡಿದ್ರಾ?"

"ಇಲ್ಲ. ಎಲ್ಲರೂ ಪಾಪ ಒಳ್ಳೆಯವರೇ."

ಅವರು ಗ್ರಾಹಕರಿಗೆ ಉಡುಗೊರೆ ಕೊಡುವ ಗೋಡೆ ಗಡಿಯಾರವೊಂದನ್ನು ತರಿಸಿ ಮೇಜಿನ ಮೇಲಿಟ್ಟರು. ಅತ್ತೆ ಅದನ್ನು ನೋಡಿ ಸಮಯ ಸರಿ ಉಂಟಾ ಎಂದು ನನ್ನಲ್ಲಿ ಕೇಳಿದರು, ತೆಗೆದುಕೊಳ್ಳಲಿಲ್ಲ. ಬೇರೆ ಬ್ಯಾಂಕಿನ ಆಸೆಯೂ ಇಲ್ಲದೆ, ತಮ್ಮ ಮೇಲೆ ಸಿಟ್ಟೂ ಇಲ್ಲದೆ ಒಬ್ಬ ಗ್ರಾಹಕಿ ಹೋಗಬಹುದು ಎಂಬುದನ್ನು ನಂಬಲು ಆ ಮನುಷ್ಯನಿಗೆ ಸಾಧ್ಯವೇ ಆಗಲಿಲ್ಲ. ಕೊನೆಗೆ ದುಡ್ಡು ಮಣಿಪಾಲಕ್ಕೆ ಹೋಗುತ್ತದೆಂದು ಬರೆದದ್ದು ನೋಡಿ, "ಗೊತ್ತಾಯ್ತು ಬಿಡಿ" ಎಂದರು. ಎಷ್ಟು ಹೋಯಿತು ಎಂದು ನಾನು ಇಲ್ಲಿ ಬರೆಯುವುದಿಲ್ಲ. ಅತ್ತೆ ಇದನ್ನು ಓದಿಸಿಕೊಂಡು ಕೇಳುವವರಿದ್ದಾರೆ.

ಒಂದನೇ ತಾರೀಕಿಗೆ ನಾದಿನಿ ಚಾರ್ಜು ತೆಗೆದುಕೊಂಡಳು. ಆ ವಾರದ ಆದಿತ್ಯವಾರ ಮಧ್ಯಾಹ್ನ, ಕಾರ್ಕಳದಿಂದ ಬಸ್ಸಿನಲ್ಲಿ ಬಂದು ಇಳಿದಳು. ಬ್ಯಾಂಕಿಗೆ ಹೋಗುವ ಇಸ್ತ್ರಿ ಸೀರೆ, ಕೈಯಲ್ಲಿ ಸಿಹಿತಿಂಡಿಯ ಪೆಟ್ಟಿಗೆ. ಗಂಡ ಅಂಗಡಿಯ ಸಾಮಾನು ತರಲು ಮಲ್ಪೆಗೆ ಹೋಗಿದ್ದರು. ಅವಳು ಯಾವಾಗಲೂ ಅಡುಗೆಮನೆಯ ಬಾಗಿಲಿಂದ ಬರುವವಳು. ಆ ದಿನ ಎದುರಿನ ಗೇಟಿನಿಂದ ಬಂದು ಜಗಲಿಯ ಕೆಳಗೆ ನಿಂತು ಕರೆದಳು.

"ಅತ್ತಿಗೆ, ಈ ಚೀಟಿಯಲ್ಲಿರುವ ವಿಳಾಸ ಇದೇ ಅಲ್ವಾ?"

"ಎಂತ ತಮಾಷೆ?" ಎಂದೆ.

"ತಮಾಷೆ ಅಲ್ಲ. ಚಾರ್ಜು ಕೊಡುವಾಗ ಹಿಂದಿನ ಮ್ಯಾನೇಜರ್ ಹೇಳಿದ್ರು: ಮೇಡಂ, ಒಬ್ಬರು ಮಲ್ಲಿಗೆ ಅಜ್ಜಿ ಉಂಟು, ಹಳೇ ಗಿರಾಕಿ, ಮಣಿಪಾಲದವರು ಅವರನ್ನು ಎಳೆದುಕೊಂಡು ಹೋಗಿದ್ದಾರೆ, ನಿಮ್ಮ ಮೊದಲ ಕೆಲಸ ಅವರ ಮನೆಗೆ ಹೋಗಿ ಕರ್ಕೊಂಡು ಬರುವುದು ಅಂತ. ಜೀಪಿನ ಡ್ರೈವರ್‌ಗೆ ದಾರಿ ಕೂಡ ಹೇಳಿ ಹೋಗಿದ್ದಾರೆ."

ಅತ್ತೆ ಒಳಗಿಂದ ಬಂದರು. ತಾಯಿ ಮಗಳು ಒಬ್ಬರನ್ನೊಬ್ಬರು ನೋಡಿದರು. ಅಡಗಿಸಲೆಂದು ಮಾಡಿದ ಕೆಲಸದಿಂದಲೇ ಆ ಶಾಖೆಯ ಅಷ್ಟೂ ಗ್ರಾಹಕರಲ್ಲಿ ಅತ್ತೆ ಒಬ್ಬರ ಹೆಸರು ಹೊಸ ಮ್ಯಾನೇಜರ ಕಿವಿಗೆ ಮೊದಲು ಬಿದ್ದಿತ್ತು. ಯಾವುದನ್ನೂ ಮಾಡದೆ ಸುಮ್ಮನೆ ಇದ್ದಿದ್ದರೆ ಅವಳು ನೋಡುತ್ತಲೂ ಇರಲಿಲ್ಲವೋ ಏನೋ.

"ಮಗಳಾಗಿ ಬಂದದ್ದಾ, ಮ್ಯಾನೇಜರಾಗಿ ಬಂದದ್ದಾ?" ಎಂದು ಅತ್ತೆ ಕೇಳಿದರು.

"ಮ್ಯಾನೇಜರಾಗಿ."

"ಹಾಗಾದರೆ ಕನ್ನಡದಲ್ಲಿ ಮಾತಾಡು."

ನಮ್ಮ ಮನೆಯ ಮಾತು ತುಳು. ಕನ್ನಡ ಹೊರಗಿನ ಕೆಲಸಕ್ಕೆ, ಬಂದವರ ಹತ್ತಿರ. ನಾದಿನಿ ಕುರ್ಚಿ ಎಳೆದು, ಸೆರಗು ಸರಿ ಮಾಡಿಕೊಂಡು, ಜನ್ಮದಲ್ಲಿ ಮೊದಲ ಬಾರಿಗೆ ತಾಯಿಗೆ ಬಹುವಚನ ಹಾಕಿದಳು.

"ನಮಸ್ಕಾರ. ತಾವು ಬಹಳ ವರ್ಷದ ಗ್ರಾಹಕರು. ತಮಗೆ ನಮ್ಮ ಸೇವೆಯಲ್ಲಿ ಏನಾದರೂ ಕೊರತೆ ಆಯಿತಾ?"

"ಕೊರತೆ ಇಲ್ಲ."

"ಮಣಿಪಾಲದಲ್ಲಿ ಕಾಲು ಪರ್ಸೆಂಟು ಹೆಚ್ಚು ಕೊಡಬಹುದು. ಆದರೆ ನಮ್ಮದು ಸರಕಾರಿ ಬ್ಯಾಂಕು. ಭದ್ರತೆ ಉಂಟು."

"ಅವರು ಚಾ ಕೂಡ ಕೊಟ್ಟರು."

"ನಾವೂ ಕೊಡ್ತೇವೆ."

"ಇಷ್ಟು ವರ್ಷದಲ್ಲಿ ಕೊಡಲಿಲ್ಲ."

ನಾದಿನಿ ಸಿಹಿತಿಂಡಿಯ ಪೆಟ್ಟಿಗೆಯನ್ನು ಮುಂದಕ್ಕೆ ತಳ್ಳಿದಳು. ಅತ್ತೆ ಬಿಚ್ಚಿ ನೋಡಿ, ಒಂದು ತುಂಡು ನನಗೆ ಕೊಟ್ಟು, ಒಂದು ತಾವು ತಿಂದರು. ನಾದಿನಿ ಮಾತು ಮುಂದುವರಿಸಿದಳು: ಶಾಖೆಯ ಡೆಪಾಸಿಟ್ ಕಡಿಮೆಯಾಗಿದೆ, ಮೇಲಿನವರು ಪ್ರತಿ ಸೋಮವಾರ ವಿಡಿಯೊ ಮೀಟಿಂಗಿನಲ್ಲಿ ಕೇಳುತ್ತಾರೆ. ಇದನ್ನೆಲ್ಲ ಒಳ್ಳೆಯ ಕನ್ನಡದಲ್ಲಿಯೇ ಹೇಳಿದಳು. ಆಮೇಲೆ ಒಮ್ಮೆಲೇ ತುಳುವಿಗೆ ಬಂದಳು.

"ಮಗಳು ಬರ್ತಾಳೆ ಅಂತ ದುಡ್ಡು ತೆಗೆದು ಓಡುವ ತಾಯಿ ಎಲ್ಲಿಯಾದರೂ ಉಂಟಾ ಅಮ್ಮಾ? ಊರಿನವರಿಗೆ ಗೊತ್ತಾದರೆ ನನ್ನ ಮುಖ ಎಲ್ಲಿ ಇಡುವುದು?"

"ಊರಿನವರಿಗೆ ಹೇಗೆ ಗೊತ್ತಾಗ್ತದೆ? ನೀನು ಹೇಳಿದರೆ ಮಾತ್ರ."

"ಎಂತಕ್ಕೆ ತೆಗೆದದ್ದು?"

"ನೋಡು, ಇದಕ್ಕೇ" ಎಂದರು ಅತ್ತೆ. "ಮಣಿಪಾಲದ ಹುಡುಗ ಎಂತಕ್ಕೆ ಅಂತ ಕೇಳ್ಲಿಲ್ಲ."

ನಾದಿನಿ ನನ್ನ ಕಡೆ ತಿರುಗಿದಳು. ನಾನು ಚಾ ಮಾಡುವ ನೆಪದಲ್ಲಿ ಒಳಗೆ ಹೋದೆ. ಹೊರಗೆ ಬರುವಾಗ ಅವಳು ಹೊರಟಾಗಿತ್ತು. ಗೇಟಿನ ಹತ್ತಿರ ನಿಂತು ಕಣ್ಣು ಒರೆಸಿಕೊಂಡದ್ದು ಕಂಡಿತು. ಅತ್ತೆಗೂ ಕಂಡಿರಬೇಕು, ಆ ಸಂಜೆ ಅವರು ಆ ಪೆಟ್ಟಿಗೆಯಿಂದ ಮತ್ತೆ ತಿನ್ನಲಿಲ್ಲ.

ಅದರ ಮರುವಾರ ಅತ್ತೆ ಪಕ್ಕದ ಮನೆಯವರಿಗೆ ಮುಂಗಡದ ಚೆಕ್ಕು ಕೊಟ್ಟರು. ಮಗನಿಗೆ ಮಾತ್ರ ಹೇಳಬೇಡಿ ಎಂದು ಮಾತು ತೆಗೆದುಕೊಂಡರು. ಪಕ್ಕದ ಮನೆಯವರು ಕೊಟ್ಟ ಮಾತಿಗೆ ನಿಲ್ಲುವವರು. ಮಗನಿಗೆ ಹೇಳಲಿಲ್ಲ. ಚೆಕ್ಕನ್ನು ತಮ್ಮ ಖಾತೆಗೆ ಹಾಕಲು ಪೇಟೆಯ ಬ್ಯಾಂಕಿಗೆ ಹೋಗಿ, ಮ್ಯಾನೇಜರ ಕೋಣೆಯ ಬಾಗಿಲು ತಳ್ಳಿ, "ಇದು ಹಿಂದಿನ ಜಾಗಕ್ಕೆ ನಿಮ್ಮ ಅಮ್ಮ ಕೊಟ್ಟ ಚೆಕ್ಕು ಮಾರಾಯ್ತಿ, ಬೇಗ ಪಾಸಾಗ್ತದಲ್ವಾ?" ಎಂದು ಕೇಳಿದರು. ಬ್ಯಾಂಕಿನಲ್ಲಿ ಹೇಳಿದ್ದು ಮನೆಯಲ್ಲಿ ಹೇಳಿದ ಹಾಗೆ ಅಲ್ಲ ಎಂದು ಅವರ ತಿಳುವಳಿಕೆ.

ನಾದಿನಿ ನನಗೆ ಫೋನು ಮಾಡಿದಳು. "ಅತ್ತಿಗೆ, ಜಾಗ ಮಲ್ಲಿಗೆಗಾ?"

ಒಲೆಯಲ್ಲಿ ಹಾಲು ಉಕ್ಕುತ್ತದೆ ಎಂದೆ.

"ಕಾಲು ಸರಿ ಇಲ್ಲದವರು ಇನ್ನೊಂದು ತೋಟ ಮಾಡುವುದಾ? ಅಣ್ಣನಿಗೆ ಇವತ್ತೇ ಹೇಳ್ತೇನೆ. ರಿಜಿಸ್ಟ್ರಿ ಆಗಲಿಲ್ಲ ಅಲ್ವಾ, ಮುಂಗಡ ಹಿಂದೆ ತೆಗೆದುಕೊಳ್ಳಬಹುದು."

ಇನ್ನು ಮುಗಿಯಿತು ಎಂದುಕೊಂಡೆ. ಅತ್ತೆಗೆ ಹೇಳಿದೆ. ಅವರು ಹೂವಿನ ತಟ್ಟೆ ಬದಿಗಿಟ್ಟು ಗೋಡೆಯ ಹತ್ತಿರ ಹೋಗಿ, ಆಚೆಯ ಜಾಗವನ್ನು ನೋಡುತ್ತ ನಿಂತರು. ಅಲ್ಲಿ ಕೆಸುವಿನ ಎಲೆ, ಒಡೆದ ಹಂಚಿನ ರಾಶಿ, ಒಂದು ಬಸಳೆಯ ಚಪ್ಪರ ಬಿಟ್ಟರೆ ಏನೂ ಇರಲಿಲ್ಲ. "ಬೆಳಿಗ್ಗೆಯ ಬಿಸಿಲು ನೇರ ಬೀಳ್ತದೆ ಅಲ್ಲಿಗೆ" ಎಂದರು. ಅಷ್ಟೇ.

ಸಂಜೆ ಬ್ಯಾಂಕು ಬಿಟ್ಟು ನಾದಿನಿ ಬಂದಳು. ಈ ಸಲ ಅಡುಗೆಮನೆಯ ಬಾಗಿಲಿಂದ. ನನ್ನ ಗಂಡ ಅಂಗಡಿಯಿಂದ ಬಂದು ಕಾಲು ತೊಳೆಯುತ್ತಿದ್ದರು. ಅಣ್ಣನ ಎದುರು ಅವಳು ಬೇರೆ ಏನೇನೋ ಮಾತಾಡಿದಳು: ಬಸ್ಸಿನ ರಶ್ಶು, ಬಂಗುಡೆ ಮೀನಿನ ರೇಟು. ಅವರು ಒಳಗೆ ಹೋದ ಮೇಲೆ ತಾಯಿಯ ಪಕ್ಕದಲ್ಲಿ ಕುಳಿತಳು.

"ಕಾಲು ಹೇಗುಂಟು?"

"ಕಾಲಿಗೆ ಎಂತ ಆಗಿದೆ? ಮೊಣಕಾಲು ತೋರಿಸ್ಲಿಕ್ಕೆ ಹೋದದ್ದಲ್ಲ, ಬ್ಯಾಂಕು ನೋಡ್ಲಿಕ್ಕೆ ಹೋದದ್ದು. ಮಣಿಪಾಲದ ಚಡಾವು ಹತ್ತಿದೆ. ನಿನ್ನ ಅತ್ತಿಗೆ ಎರಡು ಕಡೆ ನಿಂತಳು, ನಾನು ನಿಲ್ಲಲಿಲ್ಲ. ಬೇಕಾದರೆ ಕೇಳು."

ಅವಳು ನನ್ನನ್ನು ನೋಡಿದಳು. "ನಿಂತದ್ದು ಹೌದು" ಎಂದೆ.

ನಾದಿನಿ ತಾಯಿಯ ಮೊಣಕಾಲನ್ನು ಒಮ್ಮೆ ಒತ್ತಿ ನೋಡಿದಳು. ಆಮೇಲೆ ಬೇರೆಯೇ ಸ್ವರದಲ್ಲಿ, ಬ್ಯಾಂಕಿನ ಸ್ವರದಲ್ಲಿ ಕೇಳಿದಳು: "ಆ ಮಣಿಪಾಲದ ಹುಡುಗ ಪಕ್ಕದ ಮನೆಗೆ ಬಂದಿದ್ದನಾ?"

ಬಂದಿದ್ದ. ಅತ್ತೆ ಚೆಕ್ಕು ಬರೆಯಿಸಲು ಹೋದಾಗ ಯಾರಿಗೆ, ಯಾಕೆ ಎಂದು ಅವನು ಕೇಳಿರಲಿಲ್ಲ. ಆದರೆ ಚೆಕ್ಕಿನ ಮೇಲೆ ಹೆಸರು ಇತ್ತು, ಜಾಗದ ಮುಂಗಡ ಎಂದು ನನ್ನ ಬಾಯಿಂದಲೂ ಬಿದ್ದಿತ್ತು. ಜಾಗ ಕೊಟ್ಟವರ ಕೈಗೆ ರಿಜಿಸ್ಟ್ರಿಯ ದಿನ ಬಾಕಿ ದುಡ್ಡು ಬರುತ್ತದೆ, ಅದು ಎಲ್ಲಿಯಾದರೂ ಕುಳಿತುಕೊಳ್ಳಬೇಕು ಎಂಬುದನ್ನು ಅವನು ಲೆಕ್ಕ ಹಾಕಿ, ಬೈಕಿನಲ್ಲಿ ಕಾಪುವಿಗೆ ಬಂದು, ಪಕ್ಕದ ಮನೆಯವರಲ್ಲಿ ಚಾ ಕುಡಿದು, ಬಡ್ಡಿಯ ದರ ಹೇಳಿ ಹೋಗಿದ್ದ. ಪಕ್ಕದ ಮನೆಯವರು ಅದನ್ನೂ ಮ್ಯಾನೇಜರ ಕೋಣೆಯಲ್ಲಿ ಹೇಳಿದ್ದರು.

"ನನ್ನ ಗಿರಾಕಿಯ ಮನೆಗೇ ಬಂದಿದ್ದಾನೆ" ಎಂದಳು ನಾದಿನಿ. "ಮೊದಲು ಅಮ್ಮನನ್ನು ತೆಗೆದುಕೊಂಡು ಹೋದ. ಈಗ ಪಕ್ಕದ ಮನೆಯವರನ್ನು."

"ಒಳ್ಳೆಯ ಹುಡುಗ" ಎಂದರು ಅತ್ತೆ.

"ರಿಜಿಸ್ಟ್ರಿ ಯಾವಾಗ?"

"ಅವರು ಒಳ್ಳೆ ದಿನ ನೋಡ್ತಾರಂತೆ. ಬರುವ ತಿಂಗಳು ಆಗಬಹುದು."

"ಬರುವ ತಿಂಗಳವರೆಗೆ ಅವನು ಹತ್ತು ಸಲ ಬರ್ತಾನೆ" ಎಂದು ನಾದಿನಿ ಎದ್ದಳು. ಅಣ್ಣನಿಗೆ ಹೇಳಲು ಒಳಗೆ ಹೋಗುತ್ತಾಳೆಂದು ನಾನೂ ಎದ್ದೆ. ಅವಳು ಒಳಗೆ ಹೋಗಲಿಲ್ಲ. ಚಪ್ಪಲಿ ಹಾಕಿಕೊಂಡು ಪಕ್ಕದ ಮನೆಗೆ ಹೋದಳು.

ಅಲ್ಲಿ ಏನು ಮಾತಾಯಿತು ಎಂದು ನಾನು ಕೇಳಿಲ್ಲ. ಗೋಡೆಯ ಆಚೆಯಿಂದ "ಈ ವಾರವೇ ಒಳ್ಳೆ ದಿನ ಉಂಟು, ನಾನು ಪಂಚಾಂಗ ನೋಡಿದ್ದೇನೆ" ಎಂಬ ಅವಳ ಮಾತು ಮಾತ್ರ ಸ್ಪಷ್ಟವಾಗಿ ಕೇಳಿತು. ಹಿಂದೆ ಬಂದು, ಗುರುವಾರ ರಿಜಿಸ್ಟ್ರಿ, ಬಾಕಿ ದುಡ್ಡು ನಮ್ಮಲ್ಲಿಯೇ ಒಂದು ವರ್ಷಕ್ಕೆ ಡೆಪಾಸಿಟ್, ಮಾತಾಗಿದೆ ಎಂದಳು. ತಾರಸಿಯ ಕೆಲಸಕ್ಕೆ ಬೇಕಾದರೆ ಗೃಹಸಾಲ ತಾನೇ ಕೊಡುತ್ತಾಳಂತೆ. ಮಲ್ಲಿಗೆ ಒಳ್ಳೆಯದು ಎಂದು ಅವಳು ಆಗಲೂ ಹೇಳಲಿಲ್ಲ, ಈಗಲೂ ಹೇಳುವುದಿಲ್ಲ. ಅಮ್ಮನಿಗೆ ಜಾಗ ಬೇಡ ಎಂದು ತಡೆದರೆ ದುಡ್ಡು ಮಣಿಪಾಲದಲ್ಲಿಯೇ ಉಳಿಯುತ್ತಿತ್ತು. ಜಾಗ ಆದರೆ ಅದೇ ದುಡ್ಡು ಪಕ್ಕದ ಮನೆಯವರ ಹೆಸರಿನಲ್ಲಿ ಅವಳ ಶಾಖೆಗೆ ಬರುತ್ತಿತ್ತು. ಇದರಲ್ಲಿ ಮಗಳು ಎಷ್ಟು, ಮ್ಯಾನೇಜರ್ ಎಷ್ಟು ಎಂದು ನಾನು ತೂಗಿ ನೋಡಲು ಹೋಗಲಿಲ್ಲ.

ಗುರುವಾರ ರಿಜಿಸ್ಟ್ರಿ ಆಯಿತು. ಅತ್ತೆ ರೇಷ್ಮೆ ಸೀರೆ ಉಟ್ಟು, ತಾವೇ ಕಟ್ಟಿದ ಹೂ ಮುಡಿದು ಹೋದರು. ಅದರ ಮುಂದಿನ ಸೋಮವಾರ ವಿಡಿಯೊ ಮೀಟಿಂಗಿನಲ್ಲಿ ಮೇಲಿನವರು ನಾದಿನಿಯನ್ನು ಹೊಗಳಿದರಂತೆ. ಬಂದ ತಿಂಗಳಿನಲ್ಲಿಯೇ ಮಣಿಪಾಲದಿಂದ ಡೆಪಾಸಿಟ್ ಹಿಂದೆ ತಂದಿದ್ದಾರೆ, ಬಾಕಿಯವರು ನೋಡಿ ಕಲಿಯಬೇಕು ಎಂದು.

ನನ್ನ ಗಂಡನಿಗೆ ಗೊತ್ತಾದದ್ದು ಕೆಲಸದವರು ಬಂದು ಗೋಡೆಗೆ ಪಿಕ್ಕಾಸು ಹಾಕಿದಾಗ. ಅಂಗಡಿಗೆ ಹೊರಟವರು ಅಂಗಳದಲ್ಲಿ ನಿಂತರು.

"ಯಾರು ಒಡೆಯಲಿಕ್ಕೆ ಹೇಳಿದ್ದು? ಆಚೆ ಬೇರೆಯವರ ಜಾಗ!"

"ನನ್ನದು" ಎಂದರು ಅತ್ತೆ.

ಎಲ್ಲವನ್ನೂ ಕೇಳಿ ಅವರು ತಂಗಿಗೆ ಫೋನು ಮಾಡಿದರು. ನಾನು ಹತ್ತಿರವೇ ಇದ್ದೆ. "ನಿನಗೆ ಗೊತ್ತಿತ್ತಾ? ಗೊತ್ತಿದ್ದು ನನಗೆ ಹೇಳ್ಲಿಲ್ವಾ?" ಎಂದು ಇವರು ಕೂಗಿದ್ದಕ್ಕೆ ಆಚೆಯಿಂದ, "ಗಿರಾಕಿಯ ವಿಷಯ ಹೊರಗೆ ಹೇಳುವ ಹಾಗಿಲ್ಲ ಅಣ್ಣ, ನನ್ನ ಕೆಲಸ ಹೋಗ್ತದೆ" ಎಂಬ ಉತ್ತರ ಬಂತು. ಇವರು ಫೋನು ಇಟ್ಟು ನನ್ನನ್ನು ನೋಡಿದರು. ನಾನು ಯಾವ ಬ್ಯಾಂಕಿನಲ್ಲಿಯೂ ಕೆಲಸ ಮಾಡುವುದಿಲ್ಲವಾದ್ದರಿಂದ ಆ ನೆಪ ನನಗೆ ಸಿಗಲಿಲ್ಲ. ಅಲ್ಲಿ ಕಾರು ನಿಲ್ಲಿಸಬಹುದಿತ್ತು ಎಂದು ಅವರು ಮೂರು ದಿನ ಹೇಳಿದರು. ನಾಲ್ಕನೆಯ ದಿನ ಅಂಗಡಿಯಿಂದ ಹೊಸ ಗಿಡಗಳಿಗೆ ನೆರಳಿನ ಬಲೆ ತಂದು ಹಾಕಿದರು, ರೇಟು ಮಾತ್ರ ಹೇಳಲಿಲ್ಲ.

ಗೋಡೆ ಒಡೆಯುವ ಆ ದಿನ ಮಧ್ಯಾಹ್ನದ ಊಟದ ಹೊತ್ತಿಗೆ ನಾದಿನಿಯೂ ಬ್ಯಾಂಕಿನಿಂದ ನಡೆದು ಬಂದಿದ್ದಳು. ದಾರಿ ಎಷ್ಟು ಅಗಲ ಬೇಕು ಎಂದು ಕೆಲಸದವನು ಕೇಳಿದ. ಬುಟ್ಟಿ ಸೊಂಟದಲ್ಲಿಟ್ಟುಕೊಂಡು ಹೋಗುವಷ್ಟು ಸಾಕು ಎಂದು ಅತ್ತೆ ಕೈಯಲ್ಲಿ ತೋರಿಸಿದರು.

"ಅಲ್ಲ, ಇನ್ನೂ ಎರಡಡಿ ಹೆಚ್ಚು ಒಡೆಯಿರಿ" ಎಂದಳು ನಾದಿನಿ. "ಕೋಲು ಹಿಡಿದುಕೊಂಡು, ಒಬ್ಬರು ಕೈ ಹಿಡಿದುಕೊಂಡು ಹೋಗುವಷ್ಟು ಇರಲಿ."

"ನನಗೆ ಎಂತಕ್ಕೆ ಕೋಲು?" ಅತ್ತೆಗೆ ಸಿಟ್ಟು ಬಂತು.

"ನಿನಗೆ ಅಂತ ಯಾರು ಹೇಳಿದ್ದು? ಅತ್ತಿಗೆಗೆ. ಮಣಿಪಾಲದ ಚಡಾವಿನಲ್ಲಿ ಎರಡು ಕಡೆ ನಿಂತವಳು ಅವಳಲ್ವಾ?"

ಅತ್ತೆ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿ, ಅದೂ ಹೌದು ಎಂದರು. ಕೆಲಸದವನು ಎರಡಡಿ ಹೆಚ್ಚು ಒಡೆದ.